ಗ್ಲೂಕೋಸ್ ಬಾಟ್ಲಿ ನೋಡಿ ಅಕ್ಕ ಗಾಬರಿಯಾದಳು

ಬನಶಂಕರಿ ಜಾತ್ರೆ ಮುಗಿಸಿಕೊಂಡು ಅಕ್ಕ ಮಗನ ಜೊತೆ ಬಾಗಲಕೋಟೆ ನವನಗರದ ನಮ್ಮ ಮನೆಗೆ ಬಂದಿದ್ದಳು. ಹುಡುಗನಿಗೆ 14 ವರ್ಷ, ಟೈಪ್ 1 ಶುಗರ್. ಅವನ ದೇಹದಲ್ಲಿ ಇನ್ಸುಲಿನ್ ತಯಾರಾಗುವುದಿಲ್ಲ, ಇಂಜೆಕ್ಷನ್ ತಗೊಳ್ಳಲೇಬೇಕು. ಜಾತ್ರೆಯಲ್ಲಿ ಜ್ವರ ಬಂದು ಊಟ ಬಿಟ್ಟಿದ್ದ. ‘ಉಣ್ಣಲಾರದ ಹುಡುಗಗ ಇಂಜೆಕ್ಷನ್ ಹಾಕಿದ್ರ ಶುಗರ್ ಇಳಿದು ಬೀಳ್ತಾನ’ ಅಂತ ಯಾರೋ ಹಿರಿಯರು ಹೇಳಿದರಂತೆ. ಊಟದ ಜೊತೆ ಇಂಜೆಕ್ಷನ್ನೂ ನಿಂತಿತ್ತು.

ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದ, ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಿದ್ದ. ಸಂಜೆ ವಾಂತಿ ಶುರುವಾಯಿತು. ‘ಮಾಮಾ, ಹೊಟ್ಟಿ ಭಾಳ ನೋಯಾಕತ್ತೈತಿ’ ಅಂತ ಮುದುರಿ ಮಲಗಿದ. ಜಾತ್ರೆಯ ತಿಂಡಿ ಆಗಿಬಂದಿಲ್ಲ ಅಂತ ಮನೆಯಲ್ಲಿ ಮಾತು. ನನಗೆ ಹೆದರಿಕೆ ಹುಟ್ಟಿಸಿದ್ದು ಅವನ ಉಸಿರು. ಮಲಗಿದಲ್ಲೇ ಎದೆ ಜೋರಾಗಿ ಏರಿಳಿಯುತ್ತಿತ್ತು, ಒಂದೊಂದು ಉಸಿರೂ ಆಳವಾಗಿ ಬರುತ್ತಿತ್ತು. ಹತ್ತಿರ ಬಾಗಿದರೆ ಬಾಯಿಂದ ನೇಲ್ ಪಾಲಿಶ್ ತೆಗೆಯೋ ರಿಮೂವರ್‌ನಂಥ ವಾಸನೆ. ಗ್ಲೂಕೋಮೀಟರ್ ಅಂಕಿಯನ್ನೇ ತೋರಿಸಲಿಲ್ಲ, ‘ಹೈ’ ಅಂತಷ್ಟೇ ಬಂತು. ನಮ್ಮ ಮೀಟರ್‌ನಲ್ಲಿ 600 ದಾಟಿದರೆ ಹಾಗೆ. ತಡಮಾಡದೆ ಆಸ್ಪತ್ರೆಗೆ ಹೊರಟೆವು.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ದೇಹಕ್ಕೆ ಅದನ್ನು ಬಳಸಿಕೊಳ್ಳೋಕೆ ಆಗಲ್ಲ. ಆಗ ಕೊಬ್ಬು ಕರಗಿ ಕೀಟೋನ್ ಅನ್ನೋ ಆಮ್ಲೀಯ ಪದಾರ್ಥ ಹುಟ್ಟುತ್ತದೆ, ರಕ್ತ ಆಮ್ಲೀಯವಾಗುತ್ತದೆ. ಆ ಆಮ್ಲವನ್ನು ಹೊರಹಾಕಲೆಂದೇ ಅಷ್ಟು ಜೋರು ಉಸಿರು. ಡಾಕ್ಟರು ಇದಕ್ಕೆ ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್) ಅನ್ನುತ್ತಾರೆ. ಜ್ವರ ಬಂದಾಗ ಇನ್ಸುಲಿನ್ ಸಾಮಾನ್ಯವಾಗಿ ಜಾಸ್ತಿಯೇ ಬೇಕಾಗುತ್ತದೆ, ಅಂಥ ಹೊತ್ತಲ್ಲೇ ಅದು ನಿಂತಿತ್ತು.

ಮೊದಲು ಸಲೈನ್ ಹಚ್ಚಿದರು. ಪೊಟ್ಯಾಶಿಯಂ ಎಷ್ಟಿದೆ ಅಂತ ರಕ್ತ ಪರೀಕ್ಷೆಗೆ ಕಳಿಸಿದರು. ಇನ್ಸುಲಿನ್ ಕೊಟ್ಟಾಗ ಪೊಟ್ಯಾಶಿಯಂ ಇಳಿಯುತ್ತದೆ, ತೀರಾ ಇಳಿದರೆ ಹೃದಯದ ಬಡಿತಕ್ಕೇ ಅಪಾಯ. ಆಮೇಲೆ ಪಂಪ್‌ನಲ್ಲಿ ಹನಿಹನಿಯಾಗಿ ಇನ್ಸುಲಿನ್. ‘ಯಾಕ ಇಷ್ಟು ಸಾವಕಾಶ?’ ಅಂತ ಭಾವ ಚಡಪಡಿಸಿದರು. ಮಕ್ಕಳಿಗೆ ಅವಸರ ಮಾಡಿದರೆ ಮಿದುಳು ಬಾವು ಬರುವ ಭಯ ಇದೆ ಅಂದರು ಡಾಕ್ಟರು. ಗಂಟೆಗೊಮ್ಮೆ ಬೆರಳು ಚುಚ್ಚಿ ಶುಗರ್ ನೋಡುತ್ತಿದ್ದರು.

ನಸುಕಿನಲ್ಲಿ ಶುಗರ್ 250ಕ್ಕೆ ಬಂತು. ನರ್ಸ್ ಬೇರೆ ಬಾಟ್ಲಿ ತಂದು ತೂಗುಹಾಕಿದರು. ಮೇಲಿನ ಚೀಟಿ ಓದಿದ ಅಕ್ಕ ನರ್ಸ್ ಕೈಯನ್ನೇ ಹಿಡಿದುಕೊಂಡಳು. ‘ಡಾಕ್ಟರ್ ಸಾಹೇಬ್ರ, ಶುಗರ್ ಇದ್ದ ಕೂಸಿಗೆ ಗ್ಲೂಕೋಸ್ ಯಾಕ ಹಾಕ್ತೀರಿ? ಈಗರ ಇಳದೈತಲ್ರಿ!’

ಡಾಕ್ಟರು ಬೇಸರಪಡದೆ ಪಕ್ಕದಲ್ಲಿ ನಿಂತು ಹೇಳಿದರು. ‘ಅಕ್ಕಾರ, ಸಕ್ರಿ ಇಳದೈತಿ, ಕೀಟೋನ್ ಇನ್ನೂ ಹೋಗಿಲ್ಲ. ಅದು ಹೋಗೂತನಕ ಇನ್ಸುಲಿನ್ ನಿಲ್ಲಸೂ ಹಂಗಿಲ್ಲ. ಸಕ್ರಿ ತೀರಾ ಇಳೀಬಾರದಲ್ರಿ, ಅದಕ್ಕ ಗ್ಲೂಕೋಸ್.’

ಅಕ್ಕ ಕೈಬಿಟ್ಟಳು. ಅಷ್ಟು ವರ್ಷ ಇನ್ಸುಲಿನ್ ಅಂದರೆ ಊಟಕ್ಕೆ ಕೊಡೋ ಮದ್ದು ಅಂತಲೇ ಅವಳು ತಿಳಿದಿದ್ದಳು. ಊಟ ಬಿಟ್ಟಾಗಲೂ ಅದು ಬೇಕು ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಟೈಪ್ 1 ಮಕ್ಕಳಿರೋ ಪ್ರತಿ ಮನೆಗೂ ಇದನ್ನು ಮೊದಲ ದಿನವೇ ಹೇಳಬೇಕಲ್ವಾ? ಊಟ ಕಡಿಮೆಯಾದರೆ ಡೋಸ್ ಹೇಗೆ ಹೊಂದಿಸಬೇಕು ಅಂತ ಡಾಕ್ಟರನ್ನು ಕೇಳಬೇಕು. ದಿನದ ಬೇಸಲ್ ಇನ್ಸುಲಿನ್, ಅಂದರೆ ಊಟ ಇರಲಿ ಬಿಡಲಿ ದೇಹಕ್ಕೆ ಬೇಕಾದ ಮೂಲ ಡೋಸ್, ಮಾತ್ರ ಪೂರ್ತಿ ನಿಲ್ಲಿಸಬಾರದು.

ಮರುದಿನ ಅವನು ಎದ್ದು ಕೂತು ಅನ್ನ-ಸಾರು ಉಂಡ. ಮನೆಗೆ ಕಳಿಸುವಾಗ ಮೂತ್ರದಲ್ಲಿ ಕೀಟೋನ್ ನೋಡೋ ಸ್ಟ್ರಿಪ್ ಪಟ್ಟಿಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಕೀಟೋನ್ ಇದ್ದರೆ ಪಟ್ಟಿ ನೇರಳೆಗೆ ತಿರುಗುತ್ತದೆ. ಜ್ವರ, ವಾಂತಿ ಇದ್ದಾಗ ಅದನ್ನು ನೋಡಬೇಕು, ಬಣ್ಣ ಗಾಢವಾದರೆ ಅಥವಾ ವಾಂತಿ ನಿಲ್ಲದಿದ್ದರೆ ನಡುರಾತ್ರಿಯಾದರೂ ಹೊರಡಬೇಕು ಅಂದರು. ಅಕ್ಕ ಎರಡು ಡಬ್ಬಿ ತಗೊಂಡಳು. ಒಂದು ಮನೆಗೆ, ಇನ್ನೊಂದು ಅವನ ಶಾಲೆಯ ಚೀಲಕ್ಕೆ.