ಬೇಡ ಅನ್ನಬೇಡಿ ಮೇಡಂ

ಹೋಟೆಲಿನಲ್ಲಿ ನನ್ನ ಪಕ್ಕದ ಕೋಣೆಯ ಹಿರಿಯರು ಬಾಗಿಲು ಅರ್ಧ ತೆರೆದು ನಿಂತಿದ್ದರು. ಎದುರಿಗೆ ಟವೆಲು, ಬೆಡ್‌ಶೀಟು ಪೇರಿಸಿದ ಗಾಡಿ ಹಿಡಿದ ಹೌಸ್‌ಕೀಪಿಂಗಿನ ಹೆಂಗಸು. "ನನಗೇನೂ ಬೇಡಮ್ಮ, ಹಾಸಿಗೆ ನಾನೇ ಸರಿ ಮಾಡ್ಕೊಂಡಿದ್ದೀನಿ. ನಿಮಗ್ಯಾಕೆ ಸುಮ್ಮನೆ ತೊಂದರೆ?" ಅಂದರು. ಒಳ್ಳೆಯ ಮನುಷ್ಯ, ಅನುಮಾನವಿಲ್ಲ. ತಾವು ಒಳ್ಳೆಯವರು ಅನ್ನೋದು ಅವರಿಗೂ ಚೆನ್ನಾಗಿ ಗೊತ್ತಿದ್ದಂತಿತ್ತು. ಬಾಗಿಲು ಮುಚ್ಚಿತು. ಆಕೆ ಕೈಯಲ್ಲಿದ್ದ ಹಾಳೆಯಲ್ಲಿ ಆ ಕೋಣೆಯ ನಂಬರಿನ ಮುಂದೆ ಗೆರೆ ಎಳೆದು ನನ್ನ ಕಡೆ ತಿರುಗಿದರು.

"ನೀವಾದ್ರೂ ಬೇಡ ಅನ್ನಬೇಡಿ ಮೇಡಂ."

ಯಾಕೆ ಅಂತ ಕೇಳಿದೆ. "ಬೇಡ ಅಂದ ರೂಮು ನನ್ನ ಲೆಕ್ಕಕ್ಕೆ ಬರಲ್ಲ. ರೂಮು ಕಮ್ಮಿಯಾದ್ರೆ ನಾಳೆ ಬರಬೇಡ ಅಂತಾರೆ. ಇನ್ನು, ಮೂರು ದಿನ ಬೇಡ ಬೇಡ ಅಂದು ಖಾಲಿ ಮಾಡಿ ಹೋದವರ ರೂಮು ನೋಡಬೇಕು ನೀವು, ಬಚ್ಚಲು ಉಜ್ಜೋದ್ರಲ್ಲೇ ಅರ್ಧ ಗಂಟೆ ಹೋಗುತ್ತೆ. ಅದೂ ಲೆಕ್ಕದಲ್ಲಿ ಒಂದೇ ರೂಮು."

ಊರಿಗೆ ಮರಳಿದ ಮೇಲೂ ಆ ಗೆರೆ ಎಳೆದದ್ದೇ ಕಣ್ಣ ಮುಂದೆ ಬರುತ್ತಿದೆ. ಕೋವಿಡ್‌ಗೆ ಮುಂಚೆ ಹೆಚ್ಚಿನ ಹೋಟೆಲುಗಳಲ್ಲಿ ಬೇಕಾ ಬೇಡವಾ ಅನ್ನುವ ಪ್ರಶ್ನೆಯೇ ಇರಲಿಲ್ಲ. ನಾವು ಹೊರಗೆ ಹೋದಾಗ ಯಾರೋ ಬಂದು ಕೋಣೆ ಸರಿಮಾಡಿ ಹೋಗಿರುತ್ತಿದ್ದರು. ಅತಿಥಿ ಇರುವ ಕೋಣೆಗೆ ಸಿಬ್ಬಂದಿ ಹೋಗುವುದು ಬೇಡವೆಂದು 2020ರಲ್ಲಿ ಅದನ್ನು ನಿಲ್ಲಿಸಿದರು. ಆಗ ಅದು ಸರಿಯೇ. ಆದರೆ 2021ರ ಹೊತ್ತಿಗೆ ಹಿಲ್ಟನ್‌ನಂಥ ದೊಡ್ಡ ಸರಪಳಿಯೇ ಬಹಳಷ್ಟು ಹೋಟೆಲುಗಳಲ್ಲಿ ಕೇಳಿದವರಿಗೆ ಮಾತ್ರ ದಿನನಿತ್ಯದ ಕ್ಲೀನಿಂಗ್ ಎಂದಿತು. ಅಮೆರಿಕದ ಹೋಟೆಲ್ ಕಾರ್ಮಿಕರ ಸಂಘ ಯುನೈಟ್ ಹಿಯರ್ ಇದನ್ನು ವಿರೋಧಿಸಿತು. ಆ ಸಂಘದವರು ಹೇಳಿದ್ದನ್ನೇ ಈಕೆ ಕಾರಿಡಾರಿನಲ್ಲಿ ನಿಂತು ನಾಲ್ಕು ಮಾತಿನಲ್ಲಿ ಹೇಳಿದರು.

ನಾನೂ ಹೋಟೆಲಿನ ಫ್ರಂಟ್ ಆಫೀಸಿನಲ್ಲಿದ್ದವಳು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆ ಇದು ಮಹಾಮಾರಿ ಎಂದು ಹೇಳಿದ ಮೇಲೆ ಫೋನು ಬರುತ್ತಿದ್ದುದೆಲ್ಲ ಬುಕಿಂಗ್ ಕ್ಯಾನ್ಸಲ್ ಮಾಡಲಿಕ್ಕೇ. ಹೋಟೆಲ್ ಮುಚ್ಚಲು ಹೊರಟಾಗ ತಿಳಿಯಿತು, ನಮ್ಮ ಮುಂಬಾಗಿಲಿಗೆ ಬೀಗವೇ ಇಲ್ಲ. ಹಗಲೂ ರಾತ್ರಿ ತೆರೆದೇ ಇರುವ ಬಾಗಿಲಿಗೆ ಬೀಗ ಯಾರು ಹಾಕಿಸುತ್ತಾರೆ? ಸರಪಣಿ ಸುತ್ತಿ ಬೀಗ ಜಡಿದರು. ಉಳಿದ ಕೆಲವರ ಕೆಲಸವೆಂದರೆ ಮಹಡಿ ಮಹಡಿ ಹತ್ತಿ ಪ್ರತಿ ಕೋಣೆಯ ನಲ್ಲಿ, ಶವರ್ ಬಿಟ್ಟು, ಫ್ಲಶ್ ಎಳೆದು ಬರುವುದು. ಪೈಪಿನಲ್ಲಿ ನೀರು ನಿಂತರೆ ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಒಬ್ಬರೂ ಇಲ್ಲದ ಕಟ್ಟಡದಲ್ಲಿ ಒಂದರ ಹಿಂದೊಂದು ನಲ್ಲಿ ಸುರಿಯುವ ಸದ್ದು ಕೇಳಿದವರಿಗೇ ಗೊತ್ತು.

ಈ ಉದ್ಯಮದ ಕಷ್ಟ ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಇವತ್ತು ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಎರಡು ಸಲ ಮಾರಲು ಬರುವುದಿಲ್ಲ. ಸಾಲದ ಕಂತು, ಕರೆಂಟು, ಲಿಫ್ಟಿನ ನಿರ್ವಹಣೆ ಯಾವುದೂ ಅತಿಥಿ ಬರಲಿಲ್ಲ ಅಂತ ನಿಲ್ಲುವುದಿಲ್ಲ. 2019ರಲ್ಲಿ ಜಗತ್ತಿನಲ್ಲಿ ಒಂದು ದೇಶದಿಂದ ಇನ್ನೊಂದಕ್ಕೆ ಹೋದ ಪ್ರವಾಸಿಗರ ಸಂಖ್ಯೆ ಸುಮಾರು 146 ಕೋಟಿ. 2020ರಲ್ಲಿ ಅದು 40 ಕೋಟಿಯ ಆಸುಪಾಸಿಗೆ ಬಿತ್ತು. ಆಗ ಜನರನ್ನು ತೆಗೆದ ಮಾಲೀಕರನ್ನೆಲ್ಲ ನಾನು ಬೈಯಲಾರೆ. ಆದರೆ 2024ಕ್ಕೆ ಆ ಸಂಖ್ಯೆ ಮತ್ತೆ 140 ಕೋಟಿ ಮುಟ್ಟಿತಲ್ಲ? ಅತಿಥಿ ಮರಳಿದ ಮೇಲೂ ಹಾಳೆಯ ಮೇಲೆ ಗೆರೆ ಎಳೆಯುತ್ತಿದ್ದರೆ ಅದಕ್ಕೆ ಸೋಂಕಿನ ಹೆಸರು ಹೇಳಬಾರದು.

ನಾನು ಈಗ ತಂಗಿದ್ದ ಹೋಟೆಲಿನ ಮ್ಯಾನೇಜರ್ ಹುಡುಗ ಸೋಂಕಿನ ಹೆಸರನ್ನೇ ಹೇಳಿದ. ಚುರುಕು ಹುಡುಗ, ಇಸ್ತ್ರಿ ಮಾಡಿದ ಮಾತು. "ಚೆಕ್‌ಇನ್‌ನಿಂದ ಚೆಕ್‌ಔಟ್‌ವರೆಗೆ ಯಾರನ್ನೂ ಮುಟ್ಟೋ ಹಾಗಿಲ್ಲ ಮೇಡಂ. ಮುಂದಿನ ಪ್ಯಾಂಡೆಮಿಕ್ ಬಂದರೂ ನಾವು ರೆಡಿ." ಅವನ ಹಿಂದೆ ರಿಸೆಪ್ಷನ್ ಮೇಜಿನ ಜಾಗದಲ್ಲಿ ಎರಡು ಸ್ಕ್ರೀನುಗಳು ನಿಂತಿದ್ದವು. ನನ್ನ ಕೋಣೆಯ ಕಿಟಕಿ ಮಾತ್ರ ತೆರೆಯಲು ಬಾರದ ಗಾಜು.

ಮುಟ್ಟುವುದರದ್ದೇ ಭಯ ಎಲ್ಲರಿಗೂ. ಸೋಂಕಿರುವ ಜಾಗವನ್ನು ಒಂದು ಸಲ ಮುಟ್ಟಿದರೆ ಕೋವಿಡ್ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರ ಏಪ್ರಿಲ್‌ನಲ್ಲೇ ಹೇಳಿತ್ತು. ರೋಗ ಹರಡುತ್ತಿದ್ದದ್ದು ಮುಖ್ಯವಾಗಿ ಗಾಳಿಯಲ್ಲಿ. 2020ರ ಜನವರಿಯಲ್ಲಿ ಚೀನಾದ ಗುವಾಂಗ್‌ಝೌ ನಗರದ ಒಂದು ರೆಸ್ಟೊರೆಂಟಿನಲ್ಲಿ, ಕಿಟಕಿಯಿಲ್ಲದ ಮಹಡಿಯಲ್ಲಿ, ಅಕ್ಕಪಕ್ಕದ ಮೇಜುಗಳಲ್ಲಿದ್ದ ಮೂರು ಕುಟುಂಬಗಳಲ್ಲಿ, ಸೋಂಕು ಹೊತ್ತು ಬಂದ ಒಬ್ಬರೂ ಸೇರಿ, ಹತ್ತು ಮಂದಿ ಕಾಯಿಲೆ ಬಿದ್ದರು. ಎಸಿಯ ಗಾಳಿ ಬೀಸುತ್ತಿದ್ದದ್ದು ಅದೇ ಮೇಜುಗಳ ಮೇಲೆ. 2003ರಲ್ಲಿ ಕೋವಿಡ್‌ನಂಥದೇ ಉಸಿರಾಟದ ಕಾಯಿಲೆ ಸಾರ್ಸ್ ಕೂಡ ಹಾಂಗ್‌ಕಾಂಗಿನ ಮೆಟ್ರೊಪೋಲ್ ಹೋಟೆಲಿನ ಒಂಬತ್ತನೆಯ ಮಹಡಿಯಿಂದ ವಿಯೆಟ್ನಾಂ, ಸಿಂಗಾಪುರ, ಕೆನಡಾ ತಲುಪಿತ್ತು. ಆಮೇಲೆ ಆ ಹೋಟೆಲಿನವರು ರೋಗಿ ತಂಗಿದ್ದ 911ನೇ ಕೋಣೆಯ ನಂಬರು ಬದಲಾಯಿಸಿದರು. ನಮ್ಮ ಉದ್ಯಮ ಪಾಠ ಕಲಿಯುವ ರೀತಿ ಇದು! ಗಾಳಿಯಾಡಲು ದಾರಿ ಮಾಡುವುದು ಖರ್ಚಿನ ಕೆಲಸ, ರಿಸೆಪ್ಷನ್ ಹುಡುಗಿಯನ್ನು ತೆಗೆಯುವುದು ಉಳಿತಾಯ. ಎರಡರಲ್ಲಿ ಯಾವುದನ್ನು ಸುರಕ್ಷತೆ ಎಂದು ಕರೆದರು ನೋಡಿ.

ಹೊರಡುವ ದಿನ ಹೌಸ್‌ಕೀಪಿಂಗಿನ ಆ ಹೆಂಗಸನ್ನು ಕೇಳಿದೆ, ಮೊದಲು ನಿಮ್ಮ ಜೊತೆ ಇದ್ದವರೆಲ್ಲ ವಾಪಸ್ ಬಂದರಾ ಅಂತ. "ಕರೆದ್ರು ಮೇಡಂ, ಬರೋರು ಯಾರು? ಹೋಗಿ ಅನ್ನೋವಾಗ ಒಂದು ಮೆಸೇಜಲ್ಲಿ ಮುಗಿಸಿದ್ರಲ್ಲ."

ಹೋಟೆಲ್ ಮಾಲೀಕರು ಸಿಕ್ಕಾಗಲೆಲ್ಲ ಒಂದೇ ದೂರು: ಈಗಿನ ಜನಕ್ಕೆ ದುಡಿಯುವ ಮನಸ್ಸಿಲ್ಲ, ಎಷ್ಟು ಹುಡುಕಿದರೂ ಆಳು ಸಿಗುವುದಿಲ್ಲ. ಮತ್ತೊಮ್ಮೆ ಬಾಗಿಲಿಗೆ ಸರಪಣಿ ಸುತ್ತಬೇಕಾಗಿ ಬಂದರೆ ಎಷ್ಟು ತಿಂಗಳ ಸಂಬಳ ಕೊಡುತ್ತೀರಿ ಅನ್ನುವುದನ್ನು ನೇಮಕಾತಿ ಪತ್ರದಲ್ಲಿ ಬರೆದುಕೊಡಿ ಸ್ವಾಮಿ. ಜನ ಸಿಗುತ್ತಾರೋ ಇಲ್ಲವೋ ಆಮೇಲೆ ಮಾತಾಡೋಣ.