ನೀರುಗಂಟಿಯ ಸಂಬಳ ಯಾವ ಲೆಕ್ಕದಲ್ಲಿ?

ಪಾವಗಡ ತಾಲ್ಲೂಕಿನ ನಮ್ಮ ಊರಿನಲ್ಲಿ ಬೆಳಗಿನ ಆರು ಗಂಟೆಗೆ ಎಲ್ಲ ಮನೆಯವರಿಗೂ ಬೇಕಾದ ಮನುಷ್ಯರೆಂದರೆ ಪಂಚಾಯಿತಿಯ ನೀರುಗಂಟಿ ಒಬ್ಬರೇ. ಯಾವ ಬೀದಿಯ ವಾಲ್ವನ್ನು ಎಷ್ಟು ಹೊತ್ತು ಬಿಡಬೇಕು, ಯಾವ ಕೊಳವೆಬಾವಿಯ ಮೋಟರು ಎಷ್ಟು ಗಂಟೆ ಓಡಿದ ಮೇಲೆ ಬರಿ ಗಾಳಿ ಎಳೆಯತೊಡಗುತ್ತದೆ, ಮೇಲಿನ ಬೀದಿಯ ಯಾರ್‍ಯಾರು ನಲ್ಲಿಗೇ ಮೋಟರು ಜೋಡಿಸಿ ಕೊನೆಯ ಮನೆಗಳವರ ಪಾಲನ್ನು ಎಳೆದುಕೊಳ್ಳುತ್ತಾರೆ ಎಂಬುದೆಲ್ಲ ಅವರ ತಲೆಯಲ್ಲಿದೆ, ಕಡತದಲ್ಲಿಲ್ಲ. ಕಳೆದ ಯುಗಾದಿಗೆ ಊರಿಗೆ ಹೋದಾಗ ಎರಡು ದಿನ ಅವರ ಹಿಂದೆಯೇ ಸುತ್ತಿದೆ. ದೆಹಲಿಯಲ್ಲಿ ರೂಪುಗೊಂಡ ನೀರಿನ ನೀತಿ ಅವರ ಕೈಯ ಸ್ಪ್ಯಾನರಿನವರೆಗೆ ಹೇಗೆ ಬಂದು ಮುಟ್ಟುತ್ತದೆ, ದಾರಿಯಲ್ಲಿ ಏನೇನು ಉದುರಿಹೋಗುತ್ತದೆ ಎಂಬುದನ್ನು ಆ ಎರಡು ದಿನಗಳಲ್ಲಿ ಕಂಡಷ್ಟು ಸ್ಪಷ್ಟವಾಗಿ ನಾನು ಯಾವ ವರದಿಯಲ್ಲೂ ಕಂಡಿರಲಿಲ್ಲ.

ನಾನು ಚಿಕ್ಕವನಿದ್ದಾಗ ಊರಿನಲ್ಲಿ ನಲ್ಲಿಗಳಿರಲಿಲ್ಲ, ‘ಬೋರಿಂಗು’ ಇತ್ತು. ಕೈಪಂಪಿಗೆ ನಮ್ಮ ಕಡೆಯ ಹೆಸರೇ ಅದು. 1972-73ರಲ್ಲಿ ಕೇಂದ್ರ ಸರ್ಕಾರ ತ್ವರಿತ ಗ್ರಾಮೀಣ ನೀರು ಸರಬರಾಜು ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ದೇಶದ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಯುವ ಕೆಲಸಕ್ಕೆ ವೇಗ ಬಂದಿತಾದರೂ, ಕರ್ನಾಟಕದಲ್ಲಿ ಅದು ಮನೆಮಾತಾದದ್ದು 1983ರ ನಂತರ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ. ಬರಗಾಲದ ಹಳ್ಳಿಗಳಿಗೆ ಕೊಳವೆಬಾವಿಗಳನ್ನು ತಲುಪಿಸಿದ್ದಕ್ಕಾಗಿ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಅವರ ಇನ್ನೊಂದು ಕೆಲಸವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ: ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಅಧಿಕಾರವನ್ನೂ ಹಣವನ್ನೂ ಇಳಿಸಿದವರು ಅವರೇ. ಈ ಎರಡು ಕೆಲಸಗಳನ್ನು ಒಬ್ಬರೇ ಮಾಡಿದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಕೈಪಂಪಿನ ತೊಗಲಿನ ವಾಷರು ಸವೆದಾಗ ಬದಲಾಯಿಸುವವರು ಬೆಂಗಳೂರಿನಿಂದ ಬರಲಾರರು ಎಂಬುದು ಅವರಿಗೆ ತಿಳಿದಿತ್ತು.

ಅಲ್ಲಿಂದೀಚೆಗೆ ಯೋಜನೆಗಳ ಹೆಸರುಗಳು ಬದಲಾಗುತ್ತಲೇ ಬಂದಿವೆ. 1986ರಲ್ಲಿ ರಾಷ್ಟ್ರೀಯ ಕುಡಿಯುವ ನೀರಿನ ಮಿಷನ್, 2009ರಲ್ಲಿ ರಾಷ್ಟ್ರೀಯ ಗ್ರಾಮೀಣ ಕುಡಿಯುವ ನೀರು ಕಾರ್ಯಕ್ರಮ, 2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್. ಈ ಕೊನೆಯದು ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ ಬಂತು. ಮೊದಲಿನವು ಊರನ್ನು ಘಟಕವಾಗಿ ಇಟ್ಟುಕೊಂಡಿದ್ದವು. ಊರಿಗೊಂದು ಬೋರಿಂಗು, ಬೀದಿಗೊಂದು ಸಿಸ್ಟನ್ನು (ನಲ್ಲಿ ಜೋಡಿಸಿದ ಚಿಕ್ಕ ಟ್ಯಾಂಕು) ಬಂದರೆ ಆ ಊರಿಗೆ ನೀರು ಸಿಕ್ಕಿತೆಂದು ಲೆಕ್ಕ ಮುಗಿಯುತ್ತಿತ್ತು. ಜಲ ಜೀವನ್ ಮಿಷನ್ ಮನೆಯನ್ನು ಘಟಕ ಮಾಡಿಕೊಂಡಿತು. ಪ್ರತಿ ಮನೆಗೆ ಒಂದು ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್, ಕುಡಿಯುವ ನೀರಿನ ಭಾರತೀಯ ಮಾನಕ 10500ಕ್ಕೆ ಹೊಂದುವ ಗುಣಮಟ್ಟ, ಅದೂ ನಿಯಮಿತವಾಗಿ. ಆರಂಭವಾದಾಗ ದೇಶದ 3.23 ಕೋಟಿ ಗ್ರಾಮೀಣ ಮನೆಗಳಿಗೆ, ಎಂದರೆ ನೂರಕ್ಕೆ ಸುಮಾರು ಹದಿನೇಳು ಮನೆಗಳಿಗೆ, ಮಾತ್ರ ನಲ್ಲಿಯಿತ್ತು. ಈಗ ಆ ಸಂಖ್ಯೆ 15 ಕೋಟಿಯನ್ನು ದಾಟಿದೆ. ಈ ಸಾಧನೆಯನ್ನು ಹಗುರವಾಗಿ ಕಾಣುವವನು ನಾನಲ್ಲ. ಕೊಡ ಹೊತ್ತು ಮುಕ್ಕಾಲು ಮೈಲಿ ನಡೆದ ನನ್ನ ಅಜ್ಜಿಯ ಕುತ್ತಿಗೆಯ ನೋವನ್ನು ನೋಡಿ ಬೆಳೆದವನಿಗೆ ಅಂಗಳದಲ್ಲಿ ನಿಂತ ನಲ್ಲಿ ಚಿಕ್ಕದಾಗಿ ಕಾಣುವುದಿಲ್ಲ.

ಆದರೆ ಲೆಕ್ಕಕ್ಕೆ ಸಿಗುವುದು ನಲ್ಲಿ, ಮನೆಗೆ ಬೇಕಾಗಿರುವುದು ನೀರು. ಒಂದು ಊರನ್ನು ಊಹಿಸಿಕೊಳ್ಳಿ: 400 ಮನೆ, 2,000 ಜನ. ತಲೆಗೆ 55 ಲೀಟರಿನಂತೆ ದಿನಕ್ಕೆ 1,10,000 ಲೀಟರ್ ಬೇಕು. ಊರ ಕೊಳವೆಬಾವಿ ಗಂಟೆಗೆ 5,000 ಲೀಟರ್ ಕೊಡುತ್ತದೆ ಎಂದುಕೊಂಡರೆ ಮೋಟರು ದಿನಕ್ಕೆ 22 ಗಂಟೆ ಓಡಬೇಕು. ಅಷ್ಟು ಹೊತ್ತು ಕರೆಂಟು ಇರಬೇಕು, ಅಷ್ಟು ಹೊತ್ತು ಕೊಳವೆಬಾವಿ ತಾಳಬೇಕು, ಪೈಪುಗಳಲ್ಲಿ ಒಂದು ಹನಿಯೂ ಸೋರಬಾರದು. ನಮ್ಮ ಸೀಮೆಯಲ್ಲಿ ಈ ಮೂರರಲ್ಲಿ ಒಂದಾದರೂ ನಡೆದೀತೆಂದು ಪಣ ಕಟ್ಟುವ ಧೈರ್ಯ ನನಗಿಲ್ಲ. ಹೀಗಾಗಿ ನೀರುಗಂಟಿ ಊರನ್ನು ಭಾಗ ಮಾಡಿಕೊಂಡಿದ್ದಾರೆ. ಮೂಡಲ ಬೀದಿಗಳಿಗೆ ಒಂದು ದಿನ, ಪಡುವಣದವುಗಳಿಗೆ ಮರುದಿನ. ನಲ್ಲಿಯ ಪಟ್ಟಿಯಲ್ಲಿ ಎಲ್ಲ ಮನೆಗಳೂ ಇವೆ, ಎಲ್ಲ ಮನೆಗಳಲ್ಲೂ ದಿನ ಬಿಟ್ಟು ದಿನ ಡ್ರಮ್ಮುಗಳು ಸಾಲಾಗಿ ನಿಂತಿವೆ.

ಕೊಳವೆಬಾವಿ ತಾಳುವ ಮಾತು ಬಂದದ್ದರಿಂದ ಹೇಳುತ್ತೇನೆ. ಸಾರ್ವಜನಿಕ ಕುಡಿಯುವ ನೀರಿನ ಮೂಲಗಳನ್ನು ಕಾಪಾಡುವುದಕ್ಕೆಂದೇ ಕರ್ನಾಟಕದಲ್ಲಿ 1999ರ ಅಂತರ್ಜಲ ಕಾಯಿದೆ ಇದೆ. ಅಂಥ ಮೂಲದಿಂದ ನಿಗದಿತ ದೂರದೊಳಗೆ ಅನುಮತಿಯಿಲ್ಲದೆ ಯಾರೂ ಹೊಸ ಬಾವಿ ತೋಡುವಂತಿಲ್ಲ. ನಮ್ಮೂರ ಪಂಚಾಯಿತಿಯ ಕೊಳವೆಬಾವಿಯ ಮೇಲೆ ನಿಂತು ನೋಡಿದರೆ ಸುತ್ತ ಕಣ್ಣಳತೆಯಲ್ಲೇ ಐದು ಖಾಸಗಿ ಕೊಳವೆಬಾವಿಗಳು ಕಾಣುತ್ತವೆ. ಅವುಗಳಲ್ಲಿ ಒಂದು ನನ್ನ ಸೋದರಮಾವನದು. ಈ ವಿಷಯವನ್ನು ಹಬ್ಬದ ಊಟಕ್ಕೆ ಕೂತಾಗ ಎತ್ತಿ ನಾನು ಒಳ್ಳೆಯ ಹೆಸರನ್ನೇನೂ ಗಳಿಸಲಿಲ್ಲ.

ಪ್ರಮಾಣದ ಕತೆ ಹೀಗಾದರೆ ಗುಣದ ಕತೆ ಇನ್ನೂ ಆಳದ್ದು, ಅಕ್ಷರಶಃ. ಅಂತರ್ಜಲ ಇಳಿದಷ್ಟೂ ಕೊಳವೆಬಾವಿ ಗಟ್ಟಿ ಬಂಡೆಯೊಳಕ್ಕೆ ಇಳಿಯಬೇಕು. ಬಂಡೆಯೊಡನೆ ಬಹಳ ಕಾಲ ಕೂಡಿ ನಿಂತ ಆ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಪಾವಗಡದ ನೀರು ಈ ಗೆರೆಯನ್ನು ದಾಟಿರುವುದು ಹಳೆಯ ಸಂಗತಿ. ಹಲ್ಲಿನ ಮೇಲಿನ ಕಂದು ಪಟ್ಟೆಯನ್ನು ನೋಡಿಯೇ ಪಕ್ಕದ ತಾಲ್ಲೂಕಿನವರು ನಮ್ಮನ್ನು ಗುರುತಿಸುತ್ತಿದ್ದರು. ಬಿಸಿ ಮಾಡಿ ಕುಡಿದರೆ ಸರಿಹೋಗುತ್ತದೆಂಬ ನಂಬಿಕೆ ಇಂದಿಗೂ ಇದೆ. ಕುದಿಸುವುದರಿಂದ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಶುದ್ಧ ಕುಡಿಯುವ ನೀರಿನ ಘಟಕ, ಜನರ ಬಾಯಲ್ಲಿ ‘ಫಿಲ್ಟರು’. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ದಿನಕ್ಕೊಂದು ಕ್ಯಾನೆಂದರೆ ತಿಂಗಳಿಗೆ 150 ರೂಪಾಯಿ, ನಮ್ಮೂರಿನಲ್ಲಿ ಅದನ್ನು ಯಾರೂ ಗೊಣಗದೆ ಕೊಡುತ್ತಾರೆ. ಅದೇ ಪಂಚಾಯಿತಿ ನಲ್ಲಿಗೆ ತಿಂಗಳಿಗೆ 50 ರೂಪಾಯಿ ಶುಲ್ಕ ಕೇಳಿದರೆ ಗ್ರಾಮಸಭೆಯಲ್ಲಿ ಗದ್ದಲವಾಗುತ್ತದೆ. ಹಳ್ಳಿಯವರು ನೀರಿಗೆ ದುಡ್ಡು ಕೊಡುವುದಿಲ್ಲ ಎಂಬ ಮಾತನ್ನು ಅಧಿಕಾರಿಗಳಿಂದ ಎಷ್ಟೋ ಸಲ ಕೇಳಿದ್ದೇನೆ. ನಾಣ್ಯದ ಪೆಟ್ಟಿಗೆಯನ್ನು ಒಮ್ಮೆ ತೆಗೆದು ಎಣಿಸಿದರೆ ಆ ಮಾತು ನಿಲ್ಲುವುದಿಲ್ಲ. ನಾಣ್ಯ ಹಾಕಿದ ಕೂಡಲೇ ನೀರು ಬರುತ್ತದೆ, ನಲ್ಲಿಯ ಶುಲ್ಕ ಕಟ್ಟಿದವರಿಗೆ ಬಂದರೆ ಬಂತು. ಇರಲಿ, ಫಿಲ್ಟರಿನ ಹಿಂದುಗಡೆಯೂ ಒಂದು ಪೈಪಿದೆ. ಶುದ್ಧವಾದ ನೀರು ಮುಂದೆ ಬಂದಂತೆ, ಉಪ್ಪು ಮತ್ತು ಫ್ಲೋರೈಡ್ ಒಟ್ಟುಗೂಡಿದ ತ್ಯಾಜ್ಯ ನೀರು ಅದರಲ್ಲಿ ಹೊರಟು, ಚರಂಡಿಗೆ ಸೇರಿ, ಅಲ್ಲಿಂದ ಮತ್ತೆ ನೆಲಕ್ಕೇ ಇಳಿಯುತ್ತದೆ.

ಮೇಲ್ಮೈ ನೀರನ್ನು ದೂರದಿಂದ ತರುವುದೇ ಶಾಶ್ವತ ಪರಿಹಾರವೆಂದು ರೂಪುಗೊಂಡದ್ದು ತುಂಗಭದ್ರಾ ಹಿನ್ನೀರಿನ ಬಹುಗ್ರಾಮ ಯೋಜನೆ. ಹೊಸಪೇಟೆಯ ಕಡೆಯಿಂದ ಕೂಡ್ಲಿಗಿ, ಮೊಳಕಾಲ್ಮೂರು, ಚಳ್ಳಕೆರೆಗಳನ್ನು ಹಾದು ಪಾವಗಡಕ್ಕೆ ಬರುವ ಈ ನೀರು ನೂರು ಕಿಲೋಮೀಟರಿಗೂ ಹೆಚ್ಚು ದೂರ ಪೈಪಿನಲ್ಲಿ ಚಲಿಸಬೇಕು. ಫ್ಲೋರೈಡಿನಿಂದ ಬಿಡುಗಡೆ ಸಿಗುವುದಾದರೆ ಆ ದೂರ ದೊಡ್ಡದಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ದೊಡ್ಡ ಪೈಪಿನಿಂದ ಊರ ಟ್ಯಾಂಕಿಗೆ ನೀರು ಬಿದ್ದ ಮೇಲೆ ಮುಂದಿನ ಒಂದು ಮೈಲಿಯ ಹೊಣೆ ಪುನಃ ಅದೇ ನೀರುಗಂಟಿಯದು.

ನೈರ್ಮಲ್ಯದ ಕಡೆಗೆ ಬಂದರೆ ಅಲ್ಲಿನ ಕ್ರಮವೇ ತಿರುಗುಮುರುಗಾಗಿತ್ತು. 1986ರ ಕೇಂದ್ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮದಿಂದ ಹಿಡಿದು 1999ರ ಸಂಪೂರ್ಣ ಸ್ವಚ್ಛತಾ ಆಂದೋಲನ, 2012ರ ನಿರ್ಮಲ ಭಾರತ ಅಭಿಯಾನದವರೆಗೆ ನಿಧಾನವಾಗಿ ಸಾಗಿದ ಕೆಲಸ 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಮಿಷನ್ ಆಗಿ ಓಡತೊಡಗಿತು. ಐದು ವರ್ಷಗಳಲ್ಲಿ ಹತ್ತು ಕೋಟಿಗೂ ಹೆಚ್ಚು ಶೌಚಾಲಯಗಳು ಎದ್ದವು, ಅರ್ಹ ಮನೆಗಳಿಗೆ 12,000 ರೂಪಾಯಿ ಪ್ರೋತ್ಸಾಹಧನ ಸಿಕ್ಕಿತು. ಮನೆಗೆ ನಲ್ಲಿ ಕೊಡುವ ಯೋಜನೆ ಬಂದದ್ದು ಅದರ ನಂತರ. ನಡುವಿನ ವರ್ಷಗಳಲ್ಲಿ ಶೌಚಾಲಯಕ್ಕೆ ಸುರಿಯುವ ನೀರನ್ನೂ ಹೆಂಗಸರೇ ಹೊತ್ತು ತಂದರು, ಹೊರಲಾರದ ಮನೆಗಳಲ್ಲಿ ಶೌಚಾಲಯ ಸೌದೆ ಇಡುವ ಕೋಣೆಯಾಯಿತು. ಅದಕ್ಕೆ ಜನರ ‘ಮನಃಸ್ಥಿತಿ’ಯನ್ನು ದೂರಿದ ಭಾಷಣಗಳನ್ನು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

ಸರ್ಕಾರದ ಮಾರ್ಗಸೂಚಿಯಲ್ಲಿದ್ದ ವಿನ್ಯಾಸ ನಿಜಕ್ಕೂ ಜಾಣತನದ್ದು. ಹಳ್ಳಿಯ ಶೌಚಾಲಯಕ್ಕೆಂದು ರೂಪಿಸಿದ ಬೇಸಿನ್ನಿನ ಇಳಿಜಾರು ಕಡಿದು, ವಾಸನೆ ಮೇಲೆ ಬಾರದಂತೆ ಅದರ ಬಾಗಿನಲ್ಲಿ ನಿಲ್ಲುವ ನೀರಿನ ತಡೆ 20 ಮಿಲಿಮೀಟರ್ ಮಾತ್ರ. ಒಂದೆರಡು ಲೀಟರ್ ನೀರು ಸಾಕು. ಎರಡು ಇಂಗುಗುಂಡಿಗಳಿಗೆ ಒಂದೇ ಕವಲಿನಿಂದ ಪೈಪು ಹೋಗುತ್ತದೆ. ಒಂದು ತುಂಬಿದಾಗ ಅದರ ಬಾಯಿ ಮುಚ್ಚಿ ಇನ್ನೊಂದನ್ನು ತೆರೆಯಬೇಕು. ಮುಚ್ಚಿಟ್ಟ ಗುಂಡಿಯಲ್ಲಿರುವುದು ಒಂದೆರಡು ವರ್ಷಗಳಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ಮನುಷ್ಯರ ಕೈಯಲ್ಲಿ ಹಸಿ ಮಲ ತೆಗೆಸುವ ಅನಿಷ್ಟವನ್ನು ತಪ್ಪಿಸುವುದಕ್ಕೆ ಇದಕ್ಕಿಂತ ಸರಳವಾದ ಉಪಾಯವನ್ನು ನಾನು ಕಾಣೆ. ನಮ್ಮೂರಿನಲ್ಲಿ ಆದದ್ದೇನೆಂದರೆ, ಗುಂಡಿ ಬೇಗ ತುಂಬಬಾರದೆಂದು ಬಹುಪಾಲು ಮನೆಯವರು ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ ಒಂದೇ ಆಳದ ಗುಂಡಿ ಮಾಡಿಸಿದರು. ತುಂಬಿದ ದಿನ ಯಾರು ತೆಗೆಯಬೇಕು ಎಂಬ ಪ್ರಶ್ನೆಗೆ ಎಲ್ಲರ ಮನಸ್ಸಿನಲ್ಲೂ ಒಂದು ಜಾತಿಯ ಹೆಸರಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಷ್ಟು ಆಳದ ಗುಂಡಿ ಕೊಳವೆಬಾವಿಯ ಸಮೀಪವಿದ್ದರೆ ಮಲದಿಂದ ಹುಟ್ಟುವ ನೈಟ್ರೇಟ್ ಎಲ್ಲಿಗೆ ಹೋಗುತ್ತದೆಂದು ಗಾರೆ ಮೇಸ್ತ್ರಿಗೆ ಹೇಳಿಕೊಟ್ಟವರೂ ಇರಲಿಲ್ಲ.

ಶುಚಿತ್ವದ ವಿಷಯದಲ್ಲಿ ಕೈ ತೊಳೆಯುವುದನ್ನು ಶಾಲೆ, ಅಂಗನವಾಡಿಗಳು ಚೆನ್ನಾಗಿಯೇ ಕಲಿಸಿವೆ. ನಾನು ಕಂಡ ಅಪಾಯ ನಲ್ಲಿಯ ಬುಡದಲ್ಲಿತ್ತು. ಕೊನೆಯ ಬೀದಿಗಳಲ್ಲಿ ಒತ್ತಡ ಸಾಲದೆ ನೀರು ನಲ್ಲಿಯ ಎತ್ತರಕ್ಕೆ ಏರುವುದಿಲ್ಲ. ಆದ್ದರಿಂದ ಮನೆಯವರು ಅಂಗಳದಲ್ಲಿ ಗುಂಡಿ ತೋಡಿ, ಪೈಪನ್ನು ನೆಲದ ಕೆಳಗೇ ಕತ್ತರಿಸಿ, ಅಲ್ಲಿ ಬಿಂದಿಗೆ ಇಡುತ್ತಾರೆ. ನೀರು ನಿಂತ ಮೇಲೆ ಪೈಪಿನೊಳಗೆ ಒತ್ತಡ ಇಳಿದು, ಗುಂಡಿಯಲ್ಲಿ ಉಳಿದ ಕೊಳಕು ನೀರನ್ನೇ ಅದು ಒಳಗೆ ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ಎಷ್ಟೇ ಬ್ಲೀಚಿಂಗ್ ಪೌಡರ್ ಹಾಕಿದರೂ ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬ ನಿಯಮ ಅಲ್ಲಿ ಸೋಲುತ್ತದೆ. ಊರಿಗೆ ಐದು ಮಂದಿ ಹೆಂಗಸರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಬೇಕೆಂಬ ಜಲ ಜೀವನ್ ಮಿಷನ್ನಿನ ನಿಯಮ ನನಗೆ ಬಹಳ ಹಿಡಿಸಿದ್ದು. ನಮ್ಮೂರಿನ ಆಶಾ ಕಾರ್ಯಕರ್ತೆ ಪರೀಕ್ಷಾ ಕಿಟ್ಟನ್ನು ಪೂಜೆಯ ಸಾಮಾನಿನಷ್ಟು ಜೋಪಾನವಾಗಿ ಇಟ್ಟಿದ್ದಾರೆ. ರಾಸಾಯನಿಕದ ಬಾಟಲಿಗಳು ಖಾಲಿಯಾಗಿ ಆರು ತಿಂಗಳಾಗಿತ್ತು.

ಈಗ ತಲೆಬರಹದ ಪ್ರಶ್ನೆ. ಹಳೆಯ ಮೈಸೂರು ಸೀಮೆಯಲ್ಲಿ ನೀರುಗಂಟಿ ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನು. ಸುಗ್ಗಿಯಲ್ಲಿ ಕಣದಿಂದಲೇ ಅವನ ಪಾಲಿನ ಧಾನ್ಯ, ಎಂದರೆ ಆಯ, ಹೋಗುತ್ತಿತ್ತು. ಬಹಳ ಊರುಗಳಲ್ಲಿ ಅದು ದಲಿತ ಕುಟುಂಬಗಳ ಕೆಲಸವಾಗಿದ್ದು, ಊರಿಗೆಲ್ಲ ನೀರು ಹಂಚುವವನು ಊರ ಬಾವಿಗೆ ಇಳಿಯುವಂತಿರಲಿಲ್ಲ. ಆ ವ್ಯವಸ್ಥೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆದರೂ ಬೆಳೆ ಬಂದರೆ ಆಯ ಬರುತ್ತದೆಂಬ ಖಾತರಿಯೊಂದು ಅದರಲ್ಲಿತ್ತು. ಇಂದಿನ ನೀತಿಯಲ್ಲಿ ಪೈಪು, ಟ್ಯಾಂಕು, ಮೋಟರಿಗೆ ಕೇಂದ್ರ ಅರ್ಧ, ರಾಜ್ಯ ಅರ್ಧ ಹಣ ಹಾಕುತ್ತವೆ; ನಡೆಸುವ ಖರ್ಚು ಪಂಚಾಯಿತಿಯದು. ಅದಕ್ಕಾಗಿಯೇ ಹದಿನೈದನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅನುದಾನದಲ್ಲಿ ನೂರಕ್ಕೆ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಟ್ಟಿತು, ಅರ್ಧ ಅದಕ್ಕೆ, ಅರ್ಧ ಇದಕ್ಕೆ. ಸುಟ್ಟ ಮೋಟರು ಕಟ್ಟಿಸಿ, ಕರೆಂಟಿನ ಬಾಕಿ ತೀರಿಸಿ ಮಿಕ್ಕದ್ದು ಎಷ್ಟೋ ಅಷ್ಟು. ನಮ್ಮ ನೀರುಗಂಟಿಗೆ ನಾಲ್ಕು ತಿಂಗಳ ಸಂಬಳ ಬಂದಿರಲಿಲ್ಲ. ‘ಕೊಡ್ತಾರೆ ಬಿಡಣ್ಣ, ನಾನೆಲ್ಲಿಗೆ ಹೋಗ್ಲಿ, ವಾಲ್ವು ಬಿಡದಿದ್ರೆ ಅಮ್ಮಂದಿರು ಮನೆ ಮುಂದೆ ಬಂದು ಕೂತ್ಕೊಳ್ತಾರೆ’ ಎಂದು ಅವರು ನಕ್ಕರು.

2025ರ ಕೇಂದ್ರ ಬಜೆಟ್ಟಿನಲ್ಲಿ ಮಿಷನ್ನಿನ ಅವಧಿಯನ್ನು 2028ರವರೆಗೆ ವಿಸ್ತರಿಸುವಾಗ ಇನ್ನು ಮುಂದೆ ಕಾಮಗಾರಿಯ ಗುಣಮಟ್ಟಕ್ಕೂ ನಿರ್ವಹಣೆಗೂ ಒತ್ತು ಕೊಡುವುದಾಗಿ ಹೇಳಲಾಯಿತು. ಒಳ್ಳೆಯದೇ. ಆ ಒತ್ತಿನಲ್ಲಿ ನೀರುಗಂಟಿಯ ಸಂಬಳವೊಂದು ಪ್ರತ್ಯೇಕ ಸಾಲಾಗಿ, ಬೇರೆ ಯಾವುದಕ್ಕೂ ತಿರುಗಿಸಲಾಗದಂತೆ ಬರಬೇಕೆಂಬುದು ನನ್ನ ವಾದ. ಅವರಿಗೆ ಈಗ 58 ವರ್ಷ. ಅವರ ಮಗ ಬೆಂಗಳೂರಿನಲ್ಲಿ ಆಟೊ ಓಡಿಸುತ್ತಾನೆ, ಈ ಕೆಲಸಕ್ಕೆ ಬರುವುದಿಲ್ಲ.

ಎರಡನೆಯ ದಿನ ಸಂಜೆ ನಾವಿಬ್ಬರೂ ಕೂತು ಒಂದು ದೊಡ್ಡ ಹಾಳೆಯ ಮೇಲೆ ಊರಿನ ಹದಿನಾಲ್ಕು ವಾಲ್ವುಗಳ ನಕ್ಷೆ ಬರೆದೆವು. ಹನ್ನೆರಡು ಕಣ್ಣಿಗೆ ಕಾಣುತ್ತವೆ. ಉಳಿದೆರಡರ ಮೇಲೆ ಹೊಸ ಕಾಂಕ್ರೀಟ್ ರಸ್ತೆ ಹಾಕಿದ್ದಾರೆ. ಅವು ಎಲ್ಲಿವೆಯೆಂದು ಕೇಳಿದಾಗ ನೀರುಗಂಟಿ ಎದ್ದು ಹೋಗಿ, ಬೇವಿನ ಮರಕ್ಕೆ ಬೆನ್ನು ಮಾಡಿ ನಿಂತು, ಹೆಜ್ಜೆ ಎಣಿಸುತ್ತ ನಡೆದು, ಒಂಬತ್ತನೆಯ ಹೆಜ್ಜೆಗೆ ಕಾಲಿನಿಂದ ರಸ್ತೆಯನ್ನು ತಟ್ಟಿ ‘ಇಲ್ಲಿ’ ಎಂದರು.