ಮದುವೆ ರಸಮಂಜರಿಗೆ ಯಾವ ಹಾಡು ಇಡಬೇಕು?

"ಅಣ್ಣಾ, ಮನ್ಯಾಗ ಮದುವಿ ಐತಿ, ರಸಮಂಜರಿಗೆ ಚಲೋ ಹಾಡಿನ ಲಿಸ್ಟ್ ಒಂದು ಕಳಸ್ರಿ."

ಗಂಗಾವತಿ ಸುತ್ತಮುತ್ತ ಮದುವೆಗಳಲ್ಲಿ ಕೀಬೋರ್ಡ್ ನುಡಿಸುವವನು ನಾನು. ಲಗ್ನದ ದಿನಗಳು ಬಂದವೆಂದರೆ ಈ ಫೋನು ಬಂದೇ ಬರುತ್ತದೆ. ಲಿಸ್ಟ್ ಮಾತ್ರ ನಾನು ಯಾರಿಗೂ ಕಳಿಸುವುದಿಲ್ಲ, ಒಂದು ಮನೆಯದು ಇನ್ನೊಂದು ಮನೆಗೆ ಹೊಂದುವುದೇ ಇಲ್ಲ. ಬದಲಿಗೆ ನಾನೇ ತಿರುಗಿ ಕೇಳುತ್ತೇನೆ: ಜನ ಎಷ್ಟೊತ್ತಿಗೆ ಬರ್ತಾರೆ, ಎಷ್ಟೊತ್ತಿಗೆ ಏಳ್ತಾರೆ? ಹಾಡುವವರು ಯಾರು? ಬೀಗರು ಯಾವ ಕಡೆಯವರು? ಇಷ್ಟು ಗೊತ್ತಾದರೆ ಅರ್ಧ ಹಾಡು ತಾವಾಗೇ ಆರಿಸಿ ಬರುತ್ತವೆ.

ವೇಳೆಯ ಲೆಕ್ಕ ಎಲ್ಲಕ್ಕಿಂತ ಮೊದಲು. ಆರತಕ್ಷತೆ 7 ಗಂಟೆಗೆ ಎಂದು ಕಾರ್ಡಿನಲ್ಲಿ ಅಚ್ಚಾಗಿದ್ದರೂ ನಮ್ಮ ಕಡೆ ಕುರ್ಚಿ ತುಂಬುವುದು 8ರ ಮೇಲೆಯೇ. ಬಯಲಿನಲ್ಲಿ, ಮನೆ ಮುಂದಿನ ಪೆಂಡಾಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮ ಅದು. ಉಳಿದದ್ದು ಎರಡು ತಾಸು. ಹಾಡೊಂದಕ್ಕೆ ಐದು ನಿಮಿಷ, ನಡುವೆ ಯಾರೋ ಮೈಕ್ ಹಿಡಿದು ಮಾತಾಡುವುದು, ಸ್ವಾಮಿಗಳು ಬಂದರೆ ಆಶೀರ್ವಚನ. ಇದೆಲ್ಲ ಕಳೆದರೆ ತುಂಬಿದ ಸಭೆಗೆ ಕೇಳಿಸುವುದು 20 ಹಾಡು. ಮನೆಯ ಹುಡುಗರು ಬರೆದು ಕಳಿಸುವುದು 50, 60. ಹಾಗಾಗಿ ನನ್ನ ಮಾತು ಇಷ್ಟೇ: ಬೇಕೇ ಬೇಕು ಅನ್ನುವ ಹತ್ತು ಹಾಡು ನೀವು ಕೊಡಿ, ಬೇಡವೇ ಬೇಡ ಅನ್ನುವ ನಾಲ್ಕಾರನ್ನೂ ಹೇಳಿಬಿಡಿ. ಉಳಿದದ್ದು ವೇದಿಕೆ ಮೇಲಿದ್ದವರಿಗೆ ಬಿಡಿ. ಎದುರಿಗೆ ಕೂತವರ ಮುಖ ನೋಡಿ ಹಾಡು ಎತ್ತುವುದು ಅವರಿಗೆ ಗೊತ್ತಿರುತ್ತದೆ.

ಮೊದಲ ಅರ್ಧ ತಾಸು ಹಿರಿಯರದು. ಬೇಗ ಬಂದು ಮುಂದಿನ ಸಾಲು ಹಿಡಿಯುವವರು ಅವರೇ. ಗಣಪತಿ ಸ್ತುತಿ ಆದ ಮೇಲೆ ನೇರ ಸಿನಿಮಾ ಹಾಡಿಗೆ ಜಿಗಿಯುವುದು ನನಗೆ ಸರಿಬರುವುದಿಲ್ಲ. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ಹುಟ್ಟಿ ಬೆಳೆದ ನೆಲ ಈ ರಾಯಚೂರು ಸೀಮೆ. ವಚನಗಳನ್ನು ಮನೆಮನೆಗೆ ಮುಟ್ಟಿಸಿದ ಸಿದ್ದರಾಮ ಜಂಬಲದಿನ್ನಿಯವರೂ ಇಲ್ಲಿಯವರೇ, ರಾಯಚೂರಿನ ರಂಗಮಂದಿರಕ್ಕೆ ಅವರ ಹೆಸರೇ ಇದೆ. ಇಂಥಲ್ಲಿ ಮದುವೆ ಮಾಡಿ ಒಂದು ದಾಸರ ಪದ, ಒಂದು ವಚನ ಹಾಡಿಸದೆ ಕಳಿಸಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಮನೆತನ ನೋಡಿ ಯಾವುದು ಹೊಂದುತ್ತದೋ ಅದನ್ನು ಇಡಿ. ಎರಡೂ ಇಟ್ಟರೆ ಇನ್ನೂ ಚಲೋ.

ಇನ್ನು ಹಾಡುವವರ ಕಂಠ. ಜನ ಹಾಡು ಆರಿಸುವಾಗ ಯಾರೂ ಯೋಚಿಸದ ಸಂಗತಿ ಇದೇ. ಮೊಬೈಲಿನಲ್ಲಿ ಕೇಳಿದ ಹಾಡು ಮೂಲ ಗಾಯಕರ ಶ್ರುತಿಯಲ್ಲಿ ಇರುತ್ತದೆ, ವೇದಿಕೆ ಮೇಲೆ ನಿಲ್ಲುವವರ ಗಂಟಲು ಬೇರೆ. ಕರಿ ಒಂದರಲ್ಲಿ (ಕೀಬೋರ್ಡಿನ ಮೊದಲ ಕರಿ ಮನೆಯ ಶ್ರುತಿ) ಹಾಡುವ ಹುಡುಗನಿಗೆ ಎತ್ತರದ ಚರಣ ಇರುವ ಹಾಡು ಕೊಟ್ಟರೆ ಪಲ್ಲವಿ ಚಂದ ಬರುತ್ತದೆ, ಚರಣಕ್ಕೆ ಹೋದಾಗ ಕತ್ತಿನ ನರ ಉಬ್ಬುತ್ತವೆ. ನಾನು ಕೀಬೋರ್ಡಿನಲ್ಲಿ ಗುಂಡಿ ಒತ್ತಿ ಶ್ರುತಿಯನ್ನು ಎರಡು ಮನೆ ಇಳಿಸಬಲ್ಲೆ. ಒಬ್ಬರೇ ಹಾಡುವುದಾದರೆ ಅಷ್ಟಕ್ಕೆ ತೊಂದರೆ ಮುಗಿಯಿತು. ಯುಗಳಗೀತೆಗೆ ಅದು ಸಾಲುವುದಿಲ್ಲ. 'ಗೀತಾ' ಚಿತ್ರದ 'ಜೊತೆಯಲಿ ಜೊತೆಜೊತೆಯಲಿ' ಕೇಳದ ಮದುವೆಯೇ ಇಲ್ಲ ಅನ್ನಿ. ಇಳಯರಾಜ ಅವರು ಅದನ್ನು ಮಾಡಿದ್ದು ಎಸ್ಪಿಬಿ, ಜಾನಕಿ ಇಬ್ಬರ ಕಂಠಕ್ಕೆ. ಗಂಡು ದನಿಗೆ ಅನುಕೂಲವಾಗಲಿ ಎಂದು ಇಳಿಸುತ್ತ ಹೋದರೆ ಹೆಣ್ಣು ದನಿಯ ಸಾಲು ಮಂದ್ರಕ್ಕೆ, ಅಂದರೆ ತೀರ ಕೆಳಗಿನ ಸ್ವರಗಳಿಗೆ ಬಿದ್ದು ಡೋಲಕ್ಕಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಗೊತ್ತುಮಾಡುವಾಗಲೇ ಕೇಳಿ: ಹಾಡುವ ಹೆಣ್ಣುಮಗಳು ಬರುತ್ತಾಳಾ? ಇಬ್ಬರೂ ಕೂಡಿ ಯಾವ್ಯಾವ ಯುಗಳಗೀತೆ ಹಾಡಿ ರೂಢಿ ಇದೆ? ಅವರು ಹೇಳಿದ್ದರಲ್ಲೇ ಆರಿಸಿ. ರೂಢಿಯಿಲ್ಲದ ಹತ್ತು ಹಾಡಿಗಿಂತ ನೆತ್ತರಿಗೆ ಇಳಿದ ಮೂರು ಹಾಡು ಸಭೆಯನ್ನು ಹಿಡಿದು ಕೂಡಿಸುತ್ತವೆ.

ಭಾಷೆಯ ಮಾತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು ಬೆಳೆದವು. ಬಳ್ಳಾರಿಯಲ್ಲಂತೂ ಮನೆಯೊಳಗೇ ಎರಡು ಭಾಷೆ. ಬೀಗರು ತೆಲುಗಿನವರಾದರೆ ಮೂರು ತೆಲುಗು ಹಾಡು ಇಡಿ, ಅದೂ ಅವರು ಊಟಕ್ಕೆ ಏಳುವ ಮೊದಲು. ತಾಂಡಾದ ಬಳಗ ಇದ್ದರೆ ಒಂದು ಲಂಬಾಣಿ ಪದ.

ಅರ್ಥ ನೋಡದೆ ಧಾಟಿ ಚಂದ ಅಂತ ಬರೆದು ಕಳಿಸುವವರೂ ಇದ್ದಾರೆ. ಅಗಲಿಕೆಯ ಹಾಡು, ಕೈಕೊಟ್ಟು ಹೋದವಳ ಮೇಲಿನ ಹಾಡು ಮದುಮಕ್ಕಳ ಎದುರಿಗೆ ಬೇಡ. ಪೂರ್ತಿ ಸಾಹಿತ್ಯ ಒಮ್ಮೆ ಓದಿ. ತವರು ಬಿಡುವ ಹಾಡನ್ನೂ ಆರತಕ್ಷತೆಯಲ್ಲಿ ನಾನು ನುಡಿಸಲು ಒಪ್ಪುವುದಿಲ್ಲ. ಸಾಲಾಗಿ ಬಂದವರಿಗೆಲ್ಲ ಕೈಮುಗಿಯುತ್ತ ನಿಂತ ಹುಡುಗಿಯನ್ನು, ಕೆಳಗೆ ನಿಂತ ಅವಳ ಅವ್ವನನ್ನು ಆ ಹೊತ್ತಿನಲ್ಲಿ ಅಳಿಸುವುದು ಸರಿಯಲ್ಲ.

ಯಾವ ಲಿಸ್ಟಿನಲ್ಲೂ ಇರದ, ಆದರೆ ನಾನು ಪ್ರತಿ ಮನೆಯವರಿಗೂ ಹೇಳುವ ಒಂದು ಹಾಡಿದೆ: ನಿಮ್ಮ ಮನೆಯ ಸೋಬಾನದ ಪದ. ಅರಿಶಿಣದ ದಿನ, ಸುರಗಿ ಸುತ್ತುವಾಗ ಅಜ್ಜಿ, ದೊಡ್ಡಮ್ಮ ಹಾಡುತ್ತಾರಲ್ಲ, ಅದನ್ನೇ ವೇದಿಕೆ ಮೇಲೆ ಒಂದು ಸಲ ಹಾಡಿಸಿ. ಅಜ್ಜಿ ಹಿಡಿಯುವ ಶ್ರುತಿ ಕರಿ ಒಂದೂ ಅಲ್ಲ, ಬಿಳಿ ಎರಡೂ ಅಲ್ಲ, ನಡುವೆ ಎಲ್ಲೋ ಇರುತ್ತದೆ. ಮೊದಲ ಸಾಲು ನಾನು ಸುಮ್ಮನೆ ಕೇಳುತ್ತೇನೆ. ಎರಡನೇ ಸಾಲಿಗೆ ಶ್ರುತಿಯನ್ನು ಕೂದಲೆಳೆಯಷ್ಟು ಸರಿಸುವ ಫೈನ್ ಟ್ಯೂನ್ ತಿರುವಿ ಆಕೆಯ ಷಡ್ಜ, ಅಂದರೆ ಆಧಾರದ 'ಸ' ಹುಡುಕಿ, ತಂಬೂರಿಯ ದನಿ ಸಣ್ಣಗೆ ಹಿಂದೆ ಇಡುತ್ತೇನೆ. ಪ್ಯಾಡ್ ಬೇಡ, ರಿದಮ್ ಬಾಕ್ಸ್ ಬೇಡ. ಆಕೆಯ ಲಯ ಉಸಿರಿನ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಯಂತ್ರದ ತಾಳಕ್ಕೆ ಕಟ್ಟಿದರೆ ಆಕೆ ಪದ ಮರೆಯುತ್ತಾಳೆ. ಡೋಲಕ್ಕಿನವನು ಬೆರಳ ತುದಿಯಲ್ಲಿ ಹಿಂಬಾಲಿಸಿದರೆ ಸಾಕು. ಮುಂದೆ ಕೂತ ಹೆಣ್ಣುಮಕ್ಕಳಿಗೂ ಒಂದು ಮೈಕ್ ಕೊಡಿ, ಸೊಲ್ಲು ಎತ್ತಿ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಬೀಗರ ಮೇಲೆ ಕಟ್ಟಿದ ಪದ ಬಂದರಂತೂ ಆ ಕಡೆಯ ಬೀಗಿತ್ತಿಯರು ಉತ್ತರ ಹಾಡದೆ ಬಿಡುವುದಿಲ್ಲ. ಅಷ್ಟೊತ್ತಿನ ತನಕ ಮೊಬೈಲ್ ನೋಡುತ್ತಿದ್ದ ಹುಡುಗರೆಲ್ಲ ಆಗ ತಲೆ ಎತ್ತುತ್ತಾರೆ. ಎಷ್ಟು ದುಡ್ಡು ಕೊಟ್ಟರೂ ಯಾವ ಆರ್ಕೆಸ್ಟ್ರಾದಿಂದಲೂ ನಿಮಗೆ ಇದು ಸಿಗುವುದಿಲ್ಲ.

ಮರುದಿನ ಮುಹೂರ್ತದ ಹೊತ್ತು ನಮ್ಮದಲ್ಲ. ಅಕ್ಕಿಕಾಳು ಬೀಳುವಾಗ ಸನಾದಿ, ಡೋಲು ಭಜಂತ್ರಿಯವರ ಕೈಯಲ್ಲೇ ಇರಲಿ. ಖರ್ಚು ಉಳಿಸಲು ಅವರನ್ನು ಬಿಟ್ಟು ಕೀಬೋರ್ಡಿನಲ್ಲೇ ಸನಾದಿ ನುಡಿಸಿ ಎಂದು ಕೇಳುತ್ತಾರೆ, ನಾನು ಒಪ್ಪಿಕೊಂಡಿಲ್ಲ.

ಮತ್ತೆ, ನಿಮ್ಮ ಹತ್ತು ಹಾಡನ್ನು ಹದಿನೈದು ದಿನ ಮೊದಲೇ ಕೊಡಿ. ಪಕ್ಕದಲ್ಲಿ ಚಿತ್ರದ ಹೆಸರು, ಹಾಡಿದವರ ಹೆಸರು ಬರೆಯಿರಿ. ಒಂದೇ ಪದದಿಂದ ಶುರುವಾಗುವ ಹಾಡು ಹತ್ತಾರಿವೆ. ಹಾಡುವವರ ಜೊತೆ ಕೂತು ಶ್ರುತಿ ಗೊತ್ತುಮಾಡಿಕೊಳ್ಳಲು ನಮಗೆ ಎರಡು ಸಂಜೆಯಾದರೂ ಬೇಕು.